ಅಪ್ಪನಿಗಿದ್ದ ಖಿನ್ನತೆ ಮಗಳಿಗೂ ಬರುತ್ತಾ?

ಸಿಂಧನೂರಿನ ತಾಯಿಯೊಬ್ಬರು ಹೀಗೆ ಕೇಳಿದ್ದಾರೆ. ಮಗಳಿಗೆ 15 ವರ್ಷ.

ಬಂದೇ ಬರುತ್ತದೆ ಅಂತೇನಿಲ್ಲ, ಅಮ್ಮಾ. ಹೆತ್ತವರಿಗೆ ಇದ್ದರೆ ಮಕ್ಕಳಿಗೆ ಅಪಾಯ ಎರಡು-ಮೂರು ಪಟ್ಟು ಜಾಸ್ತಿ, ನಿಜ. ಆದರೆ ಇದಕ್ಕೆ ಒಂದೇ ಜೀನ್ ಕಾರಣವಲ್ಲ. ನೂರಾರು ಜೀನ್‌ಗಳು ಚೂರುಚೂರು ಸೇರುತ್ತವೆ. ಉಳಿದದ್ದು ಬದುಕಿನ ಪೆಟ್ಟು, ಒತ್ತಡ. ಆತ್ಮಹತ್ಯೆಯ ಅಪಾಯಕ್ಕೆ ಖಿನ್ನತೆಯಿಂದ ಸ್ವಲ್ಪ ಬೇರೆಯಾಗಿಯೂ ವಂಶದ ನಂಟು ಇದೆ. ಮನೆಯಲ್ಲಿ ಯಾರಾದರೂ ಹಾಗೆ ತೀರಿಕೊಂಡಿದ್ದರೆ ವೈದ್ಯರಿಗೆ ಹೇಳಿ, ಮುಚ್ಚಿಡಬೇಡಿ.

ಇಷ್ಟದ ಒಗ್ಗರಣೆ-ಮಿರ್ಚಿ ತಟ್ಟೆಯಲ್ಲೇ ಆರಿಹೋಗುತ್ತಿದೆ, ರಾತ್ರಿ 2 ಗಂಟೆಯಾದರೂ ನಿದ್ದೆಯಿಲ್ಲ, ಎರಡು ವಾರದಿಂದ ಹೀಗೇ ಅಂದರೆ ಸುಮ್ನೆ ‘ಪರೀಕ್ಷೆ ಟೆನ್ಶನ್’ ಅನ್ನಬೇಡಿ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನಡುರಾತ್ರಿಯೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.