ಏಡಿ ಬಲೆ ಎಲ್ಲಿ ಬಿಡೋದು?

ತೀರ್ಥಹಳ್ಳಿ ಕಡೆ ಹಳ್ಳಕ್ಕೆ ರಿಂಗ್ ಬಲೆ (ದುಂಡು ಬಳೆಗೆ ಕಟ್ಟಿದ ಬಲೆ) ಬಿಟ್ರೆ ಒಂದು ಏಡಿನೂ ಬೀಳಲ್ಲ, ಜಾಗ ಹೇಳಿ ಅಂದ್ರಲ್ಲ, ಜಾಗಕ್ಕಿಂತ ಮೊದ್ಲು ಟೈಮ್ ನೋಡಿ ಮಾರಾಯ್ರೆ, ಹಗಲೆಲ್ಲ ಅವು ಕಲ್ಲಡಿ ಇಲ್ಲಾ ಬಿಲದಲ್ಲೇ, ಕತ್ತಲಾದ್ಮೇಲೇ ಹೊರಗೆ ಬರೋದು. ನಡು ಗುಂಡಿ ಬಿಟ್ಬಿಡಿ. ದಂಡೆ ಪಕ್ಕ ಮರದ ಬೇರು ನೀರಿಗಿಳಿದು, ಕಲ್ಲು ಸಂದಿ ಇದ್ದು, ನೀರು ಮೆಲ್ಲಗೆ ಹರಿತಿರುತ್ತಲ್ಲ, ಅಂಥಲ್ಲಿ ಬಿಲಕ್ಕಿಂತ ಸ್ವಲ್ಪ ಮೇಲ್ಗಡೆ, ಅಂದ್ರೆ ನೀರು ಬರೋ ಕಡೆ ಬಲೆ ಇಡಿ, ಅದರಲ್ಲಿ ಕಟ್ಟಿದ ಕೋಳಿ ಕರುಳಿನ ವಾಸನೆ ನೀರಿನ ಜೊತೆ ಕೆಳಗೆ ಹೋಗಿ ಅವನ್ನ ಎಬ್ಬಿಸುತ್ತೆ. ಕರುಳನ್ನ ಬಿಗಿಯಾಗಿ ಕಟ್ಟಿ, ನಾನೊಂದ್ಸಲ ಸಡಿಲ ಕಟ್ಟಿ ಎತ್ತಿದ್ರೆ ಬರೀ ದಾರ! 20 ನಿಮಿಷ ಬಿಟ್ಟು ಒಂದೇ ಎಳೆತಕ್ಕೆ ಎತ್ತಿ, ನಿಧಾನ ಮಾಡಿದ್ರೆ ಅಂಚು ಹತ್ತಿ ಹೋಗ್ತವೆ. ಹೊಟ್ಟೆ ಅಡಿ ಮರಿ ಇಟ್ಕೊಂಡಿರೋದು ಸಿಕ್ರೆ ವಾಪಸ್ ಬಿಡಿ. ಆಗುಂಬೆ ಕಡೆ ಮಳೆ ಹೊಡೆದು ನೀರು ಕೆಂಪಾಗೋಕೆ ಶುರುವಾದ್ರೆ ನೆರೆ ಬರ್ತಿದೆ ಅಂತ, ಬಲೆ ಅಲ್ಲೇ ಬಿಟ್ಟು ದಡ ಹತ್ತಿ.