ನಾಯಿಯ ಕಿವಿ ಅಂಚಲ್ಲಿ ಹಕ್ಕಳೆ, ಮುಟ್ಟಿದರೆ ನೋವು: ಸೀಮೆಎಣ್ಣೆ ಹಚ್ಚಬಹುದಾ?

ಸೀಮೆಎಣ್ಣೆ ದಯವಿಟ್ಟು ಬೇಡ. ಅದು ಹುಣ್ಣಿನ ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ವಿಷ.

ಶಿರಸಿ ಕಡೆ ಮಳೆಗಾಲದಲ್ಲಿ ಇದು ಹೆಚ್ಚಾಗಿ ನೊಣದ ಕಾಟ. ಕೊಟ್ಟಿಗೆ ಪಕ್ಕ ಮಲಗುವ ನಮ್ಮ ನಾಯಿಗೂ ಆಗಿತ್ತು. ಕಿವಿ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು, ಕೆರೆದಾಗ ರಕ್ತ, ಅದರ ಮೇಲೆ ಮತ್ತೆ ನೊಣ. ಹಾಗೇ ಬಿಟ್ಟರೆ ಹುಳ ಬೀಳುತ್ತದೆ.

ಅರ್ಧ ಲೀಟರ್ ಕುದಿಸಿದ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ, ಉಗುರು ಬೆಚ್ಚಗಾದ ಮೇಲೆ ಹತ್ತಿಯಲ್ಲಿ ಅದ್ದಿ ಹಕ್ಕಳೆ ಮೇಲೆ ಐದು ನಿಮಿಷ ಇಡಿ. ನೆನೆದು ತಾನಾಗಿ ಬಿಟ್ಟಷ್ಟನ್ನೇ ಒರೆಸಿ, ಕೀಳಬೇಡಿ. ಕಿವಿಯೊಳಗೆ ನೀರು ಹೋಗದಿರಲಿ. ಹಗಲು ನಾಯಿಯನ್ನು ಸಗಣಿ ಗುಂಡಿಯಿಂದ ದೂರ, ಒಣಗಿದ ಜಾಗದಲ್ಲಿ ಕಟ್ಟಿ.

ಕಿವಿ ಅಂಚನ್ನು ಬೆರಳಲ್ಲಿ ಮೆಲ್ಲಗೆ ಉಜ್ಜಿ ನೋಡಿ. ಹಿಂಗಾಲು ಕೆರೆಯುವ ಹಾಗೆ ಆಡಿದರೆ ಕಜ್ಜಿ ಇರುವ ಸಾಧ್ಯತೆ ಜಾಸ್ತಿ. ಮೊಣಕೈ ಹತ್ತಿರವೂ ಕೂದಲು ಉದುರಿದೆಯಾ ನೋಡಿ. ಕಜ್ಜಿ ಬೇರೆ ನಾಯಿಗಳಿಗೆ ಹರಡುತ್ತದೆ, ನಿಮ್ಮ ಕೈಗೂ ತುರಿಕೆ ಬರಬಹುದು. ಹಾಸಿಗೆ ಗೋಣಿಯನ್ನು ಬಿಸಿ ನೀರಲ್ಲಿ ಒಗೆಯಿರಿ. ಪಶುವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಔಷಧಿ ಕೊಡುತ್ತಾರೆ. ದನಕ್ಕೆ ತಂದು ಉಳಿದ ಹುಳದ ಔಷಧಿ ಐವರ್ಮೆಕ್ಟಿನ್ ಅನ್ನು ಸುಮ್ನೆ ಅಂದಾಜಿನಲ್ಲಿ ಕೊಡಬೇಡಿ. ಕೋಲಿಯಂಥ ಕೆಲವು ನಾಯಿ ತಳಿಗಳ ಜೀವಕ್ಕೇ ಅದು ಅಪಾಯ.

ಕೀವು, ಕೆಟ್ಟ ವಾಸನೆ, ಹುಳ ಕಂಡರೆ ಅಥವಾ ಊಟ ಬಿಟ್ಟರೆ ಅವತ್ತೇ ಕರೆದುಕೊಂಡು ಹೋಗಿ.