ಕಂಪ್ಯೂಟರ್ ತೋರಿಸಿದ 118 ಎಚ್‌ಪಿ ನಂಬಬಹುದಾ?

ಪ್ರಶ್ನೆ: ನನ್ನ ಹತ್ತಿರ ಹಳೆಯ ಮಾರುತಿ ಜಿಪ್ಸಿ ಕಿಂಗ್ ಇದೆ, 16 ವಾಲ್ವ್ ಎಂಪಿಎಫ್‌ಐ. ಎಂಜಿನ್ ಆಯಿಲ್ ಕುಡಿಯುತ್ತಿದೆ, ಹೇಗೂ ಬಿಚ್ಚಬೇಕು. ಜೊತೆಗೇ ರೀಬೋರ್ (ಸಿಲಿಂಡರ್ ಕೊರೆದು ಅಗಲ ಮಾಡೋದು), ಹೆಡ್ ಫೇಸಿಂಗ್ (ಹೆಡ್ಡಿನ ತಳ ಉಜ್ಜಿ ಸಮ ಮಾಡೋದು), ದೊಡ್ಡ ಕ್ಯಾಮ್ (ವಾಲ್ವ್ ತೆರೆದು ಮುಚ್ಚಿಸುವ ದಂಡ), ಹೆಡರ್ (ಎಂಜಿನ್ನಿನಿಂದ ಹೊಗೆ ಹೊರಹಾಕುವ ಪೈಪು) ಎಲ್ಲ ಮಾಡಿಸೋಣ ಅಂತ ಆಸೆ. ಗೆಳೆಯ ಲ್ಯಾಪ್‌ಟಾಪಿನಲ್ಲಿ ಸಿಮ್ಯುಲೇಶನ್ ಮಾಡಿ 7500 ಆರ್‌ಪಿಎಂನಲ್ಲಿ 118 ಎಚ್‌ಪಿ ಬರುತ್ತೆ ಅಂತ ತೋರಿಸಿದ. ಗಾಡಿ ಓಡೋದು ಎಸ್ಟೇಟ್ ರಸ್ತೆ, ಘಾಟಿಯಲ್ಲೇ ಜಾಸ್ತಿ. ದುಡ್ಡು ಹಾಕಬಹುದಾ?
– ಒಬ್ಬ ಓದುಗ, ಸಕಲೇಶಪುರ

ಉತ್ತರ: ಆ ನಂಬರ್ ನೋಡಿ ಹಾಕಬೇಡಿ. ಮೊದಲು ಒಂದು ಸಣ್ಣ ಲೆಕ್ಕ. ಟಾರ್ಕನ್ನು (ಎಂಜಿನ್ನಿನ ತಿರುಗಿಸುವ ಬಲ, ನ್ಯೂಟನ್ ಮೀಟರಿನಲ್ಲಿ) ಆರ್‌ಪಿಎಂನಿಂದ ಗುಣಿಸಿ 7121ರಿಂದ ಭಾಗಿಸಿದರೆ ಎಚ್‌ಪಿ. 7500ಕ್ಕೆ 118 ಎಚ್‌ಪಿ ಬರಬೇಕಾದರೆ ಅಲ್ಲಿ 112 ನ್ಯೂಟನ್ ಮೀಟರ್ ಟಾರ್ಕ್ ಇರಬೇಕು. ನಿಮ್ಮ ಎಂಜಿನ್ ಕಂಪನಿಯಿಂದ ಬಂದಾಗ ಅದರ ಗರಿಷ್ಠ ಟಾರ್ಕೇ 103, ಅದೂ 4500 ಆರ್‌ಪಿಎಂನಲ್ಲಿ! ಅಷ್ಟು ಮೇಲೆ, ಅದಕ್ಕಿಂತ ಚೆನ್ನಾಗಿ ಗಾಳಿ ಎಳೆಯುತ್ತೆ ಅಂದರೆ ಗೆಳೆಯರು ಸಾಫ್ಟ್‌ವೇರಿಗೆ ಏನೋ ಧಾರಾಳವಾಗಿ ತುಂಬಿಸಿದ್ದಾರೆ.

ಸಿಮ್ಯುಲೇಶನ್ ದಂಡ ಅಂತ ಮಾತ್ರ ಹೇಳಲ್ಲ. ಮೊದಲು ಎಂಜಿನ್ ಹೇಗಿತ್ತೋ ಹಾಗೇ ಸಾಫ್ಟ್‌ವೇರಿನಲ್ಲಿ ಕೂರಿಸಿ: ಬೋರ್ (ಸಿಲಿಂಡರಿನ ಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75.5. 6000ಕ್ಕೆ 80 ಎಚ್‌ಪಿ ಆಸುಪಾಸು ಬರಬೇಕು. ಬರಲಿಲ್ಲ ಅಂದ್ರೆ ಒಳಗೆ ಕೊಟ್ಟ ಅಳತೆ ಸರಿಯಿಲ್ಲ. ಅದು ಕೂತ ಮೇಲೆ ಒಂದೊಂದೇ ಬದಲಾವಣೆ ಮಾಡಿ ಎಷ್ಟು ಏರಿತು, ಎಷ್ಟು ಇಳಿಯಿತು ನೋಡಿ. ಆ ವ್ಯತ್ಯಾಸವನ್ನು ಸುಮಾರಾಗಿ ನಂಬಬಹುದು.

ರೀಬೋರ್ ವಿಷಯ ಬೇಗ ಮುಗಿಯುತ್ತೆ. ಅರ್ಧ ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೆ 1298 ಸಿಸಿ 1316 ಆಗುತ್ತೆ, ಅಷ್ಟೇ. ಆಯಿಲ್ ಕುಡಿಯೋದು ನಿಲ್ಲುತ್ತೆ, ಪವರ್ ಆಸೆ ಬೇಡ.

ಹೆಡ್ ಫೇಸಿಂಗಿಗೆ ಮುಂಚೆ ಮಾತ್ರ ಅಳತೆ ಮಾಡಲೇಬೇಕು. ವಾಲ್ವ್, ಪ್ಲಗ್ ಕೂರಿಸಿ ಹೆಡ್ಡನ್ನು ಮಗುಚಿಡಿ. ಛೇಂಬರ್ ಅಂಚಿಗೆ ಗ್ರೀಸ್ ಹಚ್ಚಿ, ತೂತು ಕೊರೆದ ಅಕ್ರಿಲಿಕ್ ಹಾಳೆ ಒತ್ತಿ, ಸಿರಿಂಜಿನಿಂದ ಸೀಮೆಎಣ್ಣೆ ಬಿಡಿ. ಗುಳ್ಳೆ ಉಳಿಯಬಾರದು. ಎಷ್ಟು ಹಿಡಿಯಿತೋ ಅದೇ ಛೇಂಬರಿನ ಅಳತೆ. ಗ್ಯಾಸ್ಕೆಟ್, ಪಿಸ್ಟನ್ ತಲೆಯ ಜಾಗವನ್ನೂ ಸೇರಿಸಿ ಒಟ್ಟು 40 ಸಿಸಿ ಬಂತು ಅನ್ನಿ, ಆಗ ಕಂಪ್ರೆಶನ್ (ಒಳಗಿನ ಗಾಳಿ ಎಷ್ಟು ಪಟ್ಟು ಒತ್ತಿಕೊಳ್ಳುತ್ತೆ ಅನ್ನೋ ಲೆಕ್ಕ) 9.1. ಫೇಸಿಂಗ್‌ನಲ್ಲಿ 2 ಸಿಸಿ ಹೋದರೆ 9.5. ಇಷ್ಟು ಚಿಕ್ಕ ಅಳತೆಗೇ ಇಷ್ಟು ಏರುವಾಗ ಅಂದಾಜಿನ ನಂಬರ್ ಕೊಟ್ಟು ಸಾಫ್ಟ್‌ವೇರ್ ಬೈದು ಪ್ರಯೋಜನ ಇಲ್ಲ ಅಲ್ವಾ? ಇನ್ನೊಂದು, ಸಾದಾ ಪ್ರೋಗ್ರಾಂಗಳಿಗೆ ನಾಕಿಂಗ್ (ಒತ್ತಡ, ಬಿಸಿಗೆ ಪೆಟ್ರೋಲ್-ಗಾಳಿ ತಾನಾಗೇ ಸಿಡಿಯೋದು) ಗೊತ್ತಾಗಲ್ಲ. ಫುಲ್ ಲೋಡಿನಲ್ಲಿ ಘಾಟಿ ಹತ್ತುವಾಗ ಎಂಜಿನ್ ಕಟಕಟ ಅನ್ನೋದು ಗ್ರಾಫಿನಲ್ಲಿ ಕಾಣಲ್ಲ.

ಇನ್ನು ಕ್ಯಾಮ್. ದೊಡ್ಡ ಕ್ಯಾಮಿನಲ್ಲಿ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತೆ. 6000ದ ಮೇಲೆ ಗಾಳಿಗೆ ವೇಗ ಇರುತ್ತೆ, ಪಿಸ್ಟನ್ ಮೇಲೆ ಬರುತ್ತಿದ್ದರೂ ಒಳಗೆ ನುಗ್ಗುತ್ತೆ. 2000ದಲ್ಲಿ ಆ ವೇಗ ಇಲ್ಲ, ಒಳಗೆ ಬಂದದ್ದರಲ್ಲಿ ಸ್ವಲ್ಪ ವಾಪಸ್ ಮ್ಯಾನಿಫೋಲ್ಡಿಗೇ ಹೋಗುತ್ತೆ. ನೀವು ಓಡಿಸೋದು 1500ರಿಂದ 4000ದ ಒಳಗೆ. ಗೆಳೆಯರಿಗೆ ಹೇಳಿ ಹಳೇ ಕ್ಯಾಮ್, ದೊಡ್ಡ ಕ್ಯಾಮ್ ಎರಡರ ಟಾರ್ಕ್ ಗೆರೆಗಳನ್ನು ಒಂದರ ಮೇಲೊಂದು ಹಾಕಿಸಿ, ಈ ಭಾಗ ಮಾತ್ರ ನೋಡಿ. ಕೆಳಗೆ ಇಳಿದಿದ್ದರೆ ಆ ಕ್ಯಾಮ್ ಬೇಡ, ಮೇಲೆ ಎಷ್ಟೇ ಎಚ್‌ಪಿ ತೋರಿಸಲಿ. ನಾನಾಗಿದ್ದರೆ ಹಳೇ ಕ್ಯಾಮನ್ನೇ ಇಟ್ಟು ವಾಲ್ವ್ ಸೀಟ್ ಕೆಲಸಕ್ಕೆ ದುಡ್ಡು ಹಾಕುತ್ತಿದ್ದೆ.

ಪ್ರಶ್ನೆ: ಹೆಡರ್ ಪೈಪ್ ಎಷ್ಟುದ್ದ ಇರಬೇಕು ಅಂತ ಸಾಫ್ಟ್‌ವೇರ್ ಹೇಳುತ್ತಾ? ಪುಕ್ಕಟೆಯದು ಯಾವುದಾದರೂ ಇದೆಯಾ?
– ಇನ್ನೊಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಸಾಫ್ಟ್‌ವೇರ್ ಯಾವ ಬಗೆಯದು ಅನ್ನೋದರ ಮೇಲೆ ಇದೆ. ಸಿಲಿಂಡರ್ ತುಂಬೋದು, ಖಾಲಿಯಾಗೋದು ಇಷ್ಟನ್ನೇ ಲೆಕ್ಕ ಹಾಕುವ ಪ್ರೋಗ್ರಾಂನಲ್ಲಿ ಪೈಪಿನೊಳಗೆ ಓಡಾಡುವ ಒತ್ತಡದ ಅಲೆಯ ಲೆಕ್ಕವೇ ಇರಲ್ಲ, ಹಾಗಾಗಿ ಉದ್ದದ ಬಗ್ಗೆ ಅದು ಹೇಳೋದಕ್ಕೆ ಬೆಲೆ ಇಲ್ಲ. ಅಲೆ ಲೆಕ್ಕ ಮಾಡುವಂಥದ್ದು ಬೇಕು. ಕಾರು ಕಂಪನಿಗಳು ಬಳಸುವ ಜಿಟಿ-ಪವರ್, ವೇವ್ ಈ ಜಾತಿಯವು, ಮನೆಮಂದಿಗೆ ಎಟುಕಲ್ಲ. ಸ್ಪೇನಿನ ವೆಲೆನ್ಸಿಯಾ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದವರ ಓಪನ್‌ವಾಮ್ ಪುಕ್ಕಟೆ, ಆದರೆ ಕಲಿಯೋಕೆ ತಾಳ್ಮೆ ಬೇಕು.